ಕಣ್ಣಂಚಿನ ಕಲೆ: ವೆಂಕಟಲಕ್ಷಮ್ಮ

ಮೈಸೂರು ಶೈಲಿಯ ಭರತನಾಟ್ಯದ ಜೀವಾಳ ಅಭಿನಯ. ಆ ಅಭಿನಯವನ್ನು ಅರಮನೆಯ ಕಾಲದಿಂದ ನಮ್ಮ ಕಾಲಕ್ಕೆ ದಾಟಿಸಿದವರು ಡಾ. ಕೆ. ವೆಂಕಟಲಕ್ಷಮ್ಮ.

1906ರಲ್ಲಿ ಕಡೂರು ಸೀಮೆಯ ತಂಗಲಿ ತಾಂಡಾದ ಲಂಬಾಣಿ ಕುಟುಂಬದಲ್ಲಿ ಹುಟ್ಟಿದ ಅವರು ಎಳವೆಯಲ್ಲೇ ಜಟ್ಟಿ ತಾಯಮ್ಮನವರ ಶಿಷ್ಯೆಯಾದರು. ತಾಯಮ್ಮ ಅಭಿನಯದಲ್ಲಿ ದೊಡ್ಡ ಹೆಸರು. ಆ ಗರಡಿಯಲ್ಲಿ ಪಳಗಿದ ವೆಂಕಟಲಕ್ಷಮ್ಮ 1939ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಸ್ಥಾನ ವಿದುಷಿಯಾದರು.

ಪದ, ಜಾವಳಿ, ಅಷ್ಟಪದಿ, ಅಮರುಶತಕದ ಶ್ಲೋಕ — ಇವು ಅವರ ಪರಂಪರೆಯ ಆಸ್ತಿ. ಇಲ್ಲಿ ಜತಿಗಳ, ಅಂದರೆ ತಾಳದ ಸೊಲ್ಲುಗಳ ಅಬ್ಬರಕ್ಕಿಂತ ಭಾವದ ಬೆಳವಣಿಗೆಗೇ ಹೆಚ್ಚು ಮನ್ನಣೆ. ಒಂದೇ ಸಾಲನ್ನು ಮತ್ತೆ ಮತ್ತೆ ಹಾಡಿದಾಗ ಪ್ರತಿ ಸಲವೂ ಹೊಸ ಅರ್ಥ ಅರಳಬೇಕು. ಮುನಿಸು, ಹಂಬಲ, ಅನುಮಾನ, ಸೋಲು ಒಂದರ ಬೆನ್ನಿಗೊಂದು ಮುಖದ ಮೇಲೆ ಹಾಯಬೇಕು. ಕುಳಿತಲ್ಲೇ ಹುಬ್ಬು, ನೋಟ, ಬೆರಳುಗಳಿಂದ ನಾಯಿಕೆಯ ಇಡೀ ಲೋಕವನ್ನು ಕಟ್ಟುವುದು ಸುಲಭದ ಮಾತಲ್ಲ. ಅದಕ್ಕೆ ಸಾಹಿತ್ಯದ ಅರಿವು, ರಾಗದ ಒಡನಾಟ, ಬದುಕಿನ ಮಾಗುವಿಕೆ ಮೂರೂ ಬೇಕು. ವಯಸ್ಸಾದಷ್ಟೂ ಈ ಕಲೆ ಹದಗೊಳ್ಳುತ್ತದೆ ಎಂಬುದಕ್ಕೆ ವೆಂಕಟಲಕ್ಷಮ್ಮನವರೇ ಸಾಕ್ಷಿ.

ಅರಮನೆಯ ಆಶ್ರಯ ಮುಗಿದ ಮೇಲೂ ಅವರ ಕೆಲಸ ನಿಲ್ಲಲಿಲ್ಲ. ಭಾರತೀಯ ನೃತ್ಯ ನಿಕೇತನದಲ್ಲಿ, 1965ರಿಂದ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಕಲಿಸಿದರು. ಗುರುವಿನ ಮನೆಯಲ್ಲಿ ಕಲಿತದ್ದನ್ನು ತರಗತಿಯ ಮಕ್ಕಳಿಗೆ ಧಾರೆಯೆರೆದರು. 1964ರಲ್ಲಿ ಕೇಂದ್ರ ಸಂಗೀತ ನಾಟಕ ಅಕಾಡೆಮಿ ಪ್ರಶಸ್ತಿ, 1992ರಲ್ಲಿ ಪದ್ಮಭೂಷಣ ಅವರನ್ನು ಅರಸಿ ಬಂದವು. 2002ರಲ್ಲಿ ಅವರು ತೀರಿಕೊಂಡರು.

ವೇಗ, ಚಮತ್ಕಾರಗಳಿಗೆ ಚಪ್ಪಾಳೆ ಬೇಗ ಸಿಗುವ ಈ ದಿನಗಳಲ್ಲಿ, ಸಾವಧಾನದ ಈ ಅಭಿನಯವನ್ನು ಕಲಿಯುವವರಿಗೂ ನೋಡುವವರಿಗೂ ತಾಳ್ಮೆ ಬೇಕು. ಆ ತಾಳ್ಮೆ ತೋರುವುದೇ ಈ ಮಹಾತಾಯಿಗೆ ನಾವು ಸಲ್ಲಿಸಬಹುದಾದ ನಿಜವಾದ ಗೌರವ.