ಇಟಲಿಯ ಮೂಕಚಿತ್ರಗಳನ್ನು ನೋಡುವ ಬಗೆ

ಮೂಡಲಪಾಯದ ಆಟವನ್ನು ಕೋಳಿ ಕೂಗುವವರೆಗೆ ಕುಳಿತು ನೋಡಬಲ್ಲ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡಗಳ ರಸಿಕರಿಗೆ ಇಟಲಿಯ ಮೂಕಚಿತ್ರಗಳು ಅನ್ಯವೆಂದು ತೋರಬೇಕಾದುದಿಲ್ಲ. ವೇಷದ ಭವ್ಯತೆಗೂ ಅಂಗಾಭಿನಯದ ಬಿರುಸಿಗೂ ಮಣಿಯುವ ದೃಷ್ಟಿ ಅವರಲ್ಲಿ ಆಗಲೇ ಸಿದ್ಧವಾಗಿರುತ್ತದೆ. ಮೊದಲಿಗೆ ನೋಡತಕ್ಕದ್ದು 1914ರಲ್ಲಿ ಟೂರಿನ್ ನಗರದಲ್ಲಿ ಜೊವಾನಿ ಪಾಸ್ತ್ರೋನೆ ನಿರ್ಮಿಸಿದ ‘ಕಬೀರಿಯಾ’. ಜಿನೋವಾ ಬಂದರಿನ ಕೂಲಿಯಾಗಿದ್ದ ಬಾರ್ತೊಲೊಮೆಯೊ ಪಗಾನೋ ಇದರಲ್ಲಿ ಮಹಾಬಲ ಮಾಚೀಸ್ತೆಯಾಗಿ ಲೋಕಪ್ರಸಿದ್ಧನಾದನು. ಆದರೆ ನಾಯಕನ ಮೇಲೆಯೇ ಕಣ್ಣು ನೆಡದೆ, ವಿಶಾಲವಾದ ಒಳಾಂಗಣಗಳ ದೃಶ್ಯಗಳು ಬಂದಾಗ ಹಿಂಬದಿಯ ಕಂಬಗಳನ್ನು ಗಮನಿಸಬೇಕು: ಗಾಲಿಬಂಡಿಯ ಮೇಲಿರಿಸಿದ ಕ್ಯಾಮರಾ ಓರೆಯಾಗಿ, ತಿಳಿಯದಷ್ಟು ಮೆಲ್ಲನೆ ಸರಿಯುತ್ತಿರಲು, ಕಂಬದಿಂದ ಕಂಬ ಬೇರ್ಪಟ್ಟು, ಚಪ್ಪಟೆಯಾಗಿದ್ದ ಪರದೆಗೆ ಆಳವು ಒದಗುವುದು. ಆ ಕಾಲಕ್ಕೆ ಅದೊಂದು ಅಪೂರ್ವ ಸಾಹಸ.

ಚಿತ್ರವನ್ನು ಸಂಗ್ರಹಿಸುವವನು ಹೆಸರಿಗಿಂತ ಪ್ರತಿಯ ಗುಣವನ್ನು ಪರೀಕ್ಷಿಸಬೇಕು. ಸೆಕೆಂಡಿಗೆ 16 ಚೌಕಟ್ಟುಗಳಂತೆ ಓಡಿಸಬೇಕಾದ ಸಾವಿರ ಅಡಿಯ ಸುರುಳಿಯು ಸುಮಾರು 17 ನಿಮಿಷ ನಡೆಯುತ್ತದೆ. ಅದನ್ನೇ 24ರ ವೇಗದಲ್ಲಿ ಓಡಿಸಿದರೆ 11 ನಿಮಿಷಕ್ಕೆ ಮುಗಿದು, ರಾಜಗಂಭೀರ ನಡಿಗೆಯು ಕುಣಿತವಾಗುತ್ತದೆ. ರಾತ್ರಿಗೆ ನೀಲಿ, ಅಗ್ನಿಗೆ ಕೆಂಪು ಎಂದು ಫಿಲ್ಮನ್ನೇ ಬಣ್ಣದಲ್ಲಿ ಅದ್ದುತ್ತಿದ್ದ ಪದ್ಧತಿಯನ್ನರಿಯದೆ ತೆಗೆದ ಬರಿಯ ಕಪ್ಪುಬಿಳುಪಿನ ನಕಲನ್ನು ಎಷ್ಟು ಅಗ್ಗಕ್ಕೆ ಸಿಕ್ಕರೂ ಕೊಳ್ಳಬಾರದೆಂಬುದೇ ನನ್ನ ಅಭಿಪ್ರಾಯ.

ಈ ಕಲೆ ನಮ್ಮಿಂದ ದೂರವೂ ಅಲ್ಲ. 1920ರಲ್ಲಿ ಕಲ್ಕತ್ತೆಯ ಮದನ್ ಕಂಪನಿಗಾಗಿ ‘ನಳ ದಮಯಂತಿ’ಯನ್ನು ನಿರ್ದೇಶಿಸಿದವನು ಇಟಲಿಯ ಎವುಜೇನಿಯೊ ದೆ ಲಿಗುವೋರೊ, ಮುಂದೆ ನಮ್ಮ ತುಮಕೂರು ಜಿಲ್ಲೆಯವರೇ ಆದ ಗುಬ್ಬಿ ವೀರಣ್ಣನವರು ‘ಹರಿಮಾಯಾ’ ಎಂಬ ಮೂಕಚಿತ್ರವನ್ನು ತೆಗೆಸಿದರು. ‘ಕಬೀರಿಯಾ’ವನ್ನು ಟೂರಿನ್ನಿನ ಸಿನಿಮಾ ವಸ್ತುಸಂಗ್ರಹಾಲಯವು 2006ರಲ್ಲಿ ಪುನರುದ್ಧರಿಸಿತು, ನಮ್ಮ ‘ಹರಿಮಾಯಾ’ ಉಳಿಯಲಿಲ್ಲ, 1934ರ ಮೊದಲ ಕನ್ನಡ ವಾಕ್ಚಿತ್ರ ‘ಸತಿ ಸುಲೋಚನಾ’ ಕೂಡ ಉಳಿಯಲಿಲ್ಲ. ಇದು ಸಹಿಸತಕ್ಕ ನಷ್ಟವಲ್ಲ.

ಆದುದರಿಂದ ಈ ನಾಲ್ಕು ತಾಲ್ಲೂಕುಗಳ ಹಳೆಯ ಮನೆಗಳ ಅಟ್ಟದಲ್ಲಾಗಲಿ, ಮುಚ್ಚಿಹೋದ ಟೂರಿಂಗ್ ಟಾಕೀಸುಗಳ ಸಾಮಾನುಗಳ ನಡುವೆಯಾಗಲಿ ತುಕ್ಕು ಹಿಡಿದ ಫಿಲ್ಮ್ ಡಬ್ಬಿ ಕಂಡರೆ ಗುಜರಿಗೆ ಹಾಕದಿರಿ. ಹಳೆಯ ನೈಟ್ರೇಟ್ ಫಿಲ್ಮು ಬೇಗ ಹೊತ್ತಿಕೊಳ್ಳುವುದರಿಂದ ಬೆಂಕಿಯಿಂದ ದೂರವಿರಿಸಿ, ಸುರುಳಿಯನ್ನು ಬಿಚ್ಚದೆ, ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯಕ್ಕೆ ದಯವಿಟ್ಟು ಒಂದು ಪತ್ರ ಬರೆಯಿರಿ.