ಒಂದಕ್ಕೆ ಮೂವತ್ತೈದು: ಕಿರಿದಾಗಿಸಿದ ಯುದ್ಧದ ಓದು

ಜಪಾನಿನ ತಮಿಯಾ ಕಂಪನಿ 1960ರ ದಶಕದ ಆದಿಯಲ್ಲಿ ಜರ್ಮನಿಯ ಪ್ಯಾಂಥರ್ ಟ್ಯಾಂಕಿನ ಪ್ಲಾಸ್ಟಿಕ್ ಕಿಟ್ ಒಂದನ್ನು ಮಾರುಕಟ್ಟೆಗೆ ತಂದಿತು. ಬಿಡಿಭಾಗಗಳನ್ನು ಮನೆಯಲ್ಲಿ ಕತ್ತರಿಸಿ, ಅಂಟಿಸಿ, ಬಣ್ಣ ಹಚ್ಚಿ ಟ್ಯಾಂಕ್ ಮಾಡಿಕೊಳ್ಳುವ ಪೆಟ್ಟಿಗೆ ಅದು. ಅದರ ಹೊಟ್ಟೆಯೊಳಗೆ ಮೋಟಾರು, ಬ್ಯಾಟರಿ ಕೂರಬೇಕಿತ್ತು. ಅವು ಹಿಡಿಸುವ ಹಾಗೆ ಟ್ಯಾಂಕನ್ನು ಕಿರಿದಾಗಿಸಿದಾಗ ಬಂದದ್ದು ಮೂಲದ ಮೂವತ್ತೈದನೇ ಒಂದು ಭಾಗದ ಅಳತೆ. ಇಂದು ಸೇನಾ ವಾಹನಗಳ ಮಾದರಿಗಳಲ್ಲಿ 1/35 ಎಂಬುದು ಬಹುಮಟ್ಟಿಗೆ ಶಾಸ್ತ್ರವೇ ಆಗಿದೆ. ಆ ಶಾಸ್ತ್ರ ಹುಟ್ಟಿದ್ದು ಬ್ಯಾಟರಿಯ ಗಾತ್ರದಿಂದ.

ಇದು ಬರೀ ಸ್ವಾರಸ್ಯದ ಸಂಗತಿಯಾಗಿ ಉಳಿಯಬೇಕಿಲ್ಲ. ಯಾವ ಕಲೆಯಲ್ಲೂ ಅಳತೆಯ ಹಿಂದೆ ಒಂದು ಆಯ್ಕೆ ಇರುತ್ತದೆ. ಈ ಹಳೆಯ ಕಿಟ್‌ಗಳನ್ನು ಪಠ್ಯದಂತೆ ಓದುವವರು ಮೊದಲು ಕೇಳಬೇಕಾದ್ದು ಇಷ್ಟು: ಕಿರಿದಾಗಿಸುವಾಗ ಏನು ಉಳಿಯಿತು, ಏನು ಸೋರಿಹೋಯಿತು?

ಲೆಕ್ಕವನ್ನೇ ನೋಡೋಣ. ತೋಪಿನ ನಳಿಗೆ ಬಿಟ್ಟರೆ ಪ್ಯಾಂಥರ್‌ನ ಉದ್ದ ಸುಮಾರು 6.9 ಮೀಟರ್, ಮಾದರಿಯಲ್ಲಿ ಅದು 20 ಸೆಂಟಿಮೀಟರಿನ ಆಸುಪಾಸು. ಆದರೆ ಉದ್ದ 35 ಪಟ್ಟು ಕುಗ್ಗಿದರೆ ಗಾತ್ರ 42,875 ಪಟ್ಟು ಕುಗ್ಗುತ್ತದೆ. 45 ಟನ್ನಿನ ಉಕ್ಕು ಈ ಲೆಕ್ಕದಲ್ಲಿ ಒಂದು ಕಿಲೋ ಚಿಲ್ಲರೆ. ಟೊಳ್ಳು ಪ್ಲಾಸ್ಟಿಕ್ಕಿನಲ್ಲಿ ಅದಕ್ಕಿಂತಲೂ ಹಗುರ. ಕಣ್ಣಿಗೆ ಎಲ್ಲವೂ ಸರಿಯಾಗಿದೆ, ಕೈಗೆ ಮಾತ್ರ ಭಾರವಿಲ್ಲ. ಬದುವನ್ನು ಅರೆದು, ಗೋಡೆಯನ್ನು ಕೆಡವಿ ನುಗ್ಗುತ್ತಿದ್ದ ಯಂತ್ರದ ನಿಜವಾದ ಗುಣ ಅದರ ಭಾರ. ಮಾದರಿ ಮೊಳೆಗಳನ್ನು ಎಣಿಸಿ ಉಳಿಸಿಕೊಳ್ಳುತ್ತದೆ. ಬಿಟ್ಟುಕೊಡುವುದು ಈ ಭಾರವನ್ನು.

ಕಿರಿದಾಗಿಸುವ ಕಲೆ ನಮಗೇನೂ ಹೊಸದಲ್ಲ. ಧಾರವಾಡದಿಂದ ಅಳ್ನಾವರದ ಕಡೆಗೆ ಹೋಗುವ ಹಾದಿಯ ಮುಗದ, ಕೆರೆಗೂ ಕುಂಬಾರಿಕೆಗೂ ಹೆಸರಾದ ಊರು. ಈ ಸೀಮೆಯಲ್ಲಿ ಮಣ್ಣೆತ್ತಿನ ಅಮಾವಾಸ್ಯೆಗೆ ಮನೆಮನೆಯಲ್ಲೂ ಜೋಡಿ ಎತ್ತು, ಅವಕ್ಕೊಂದು ಗೋದಲಿ ಬೇಕು. ಮಣ್ಣೆತ್ತಿಗೆ ಇಷ್ಟನೇ ಒಂದು ಭಾಗ ಎಂಬ ಅಳತೆಯಿಲ್ಲ. ಡುಬ್ಬ ದೊಡ್ಡದು, ಕೊಂಬು ದೊಡ್ಡದು, ಏಕೆಂದರೆ ಒಕ್ಕಲಿಗನ ಕಣ್ಣು ಮೊದಲು ಹೋಗುವುದು ಅಲ್ಲಿಗೆ. ಕಾಲು ಮೋಟು, ಏಕೆಂದರೆ ಹಸಿ ಮಣ್ಣು ತೆಳುವಾದ ಕಾಲಿನ ಮೇಲೆ ನಿಲ್ಲದು. ಇಲ್ಲಿ ಅಳತೆಯನ್ನು ನಿರ್ಧರಿಸುವವು ಎರಡು: ಎತ್ತಿನ ಮೇಲಿನ ಪ್ರೀತಿ ಮತ್ತು ಮಣ್ಣಿನ ಸ್ವಭಾವ.

ಯುದ್ಧವನ್ನೇ ಕಿರಿದಾಗಿಸಿದ ಕಲೆಯೂ ನಮ್ಮಲ್ಲಿದೆ. ವೀರಗಲ್ಲಿನ ಕೆಳಗಿನ ಪಟ್ಟಿಯಲ್ಲಿ ಕಾಳಗ, ನಡುವಿನದರಲ್ಲಿ ಸತ್ತವನನ್ನು ಒಯ್ಯುವ ಅಪ್ಸರೆಯರು, ಮೇಲೆ ದೇವರ ಸನ್ನಿಧಿ. ಅಲ್ಲಿಯೂ ಅಳತೆ ಗಣಿತದ್ದಲ್ಲ. ವೀರ ದೊಡ್ಡವನು, ಎದುರಾಳಿಗಳು ಸಣ್ಣವರು. ಅದು ಪಕ್ಷಪಾತವೇ ಸರಿ. ಆದರೂ ವೀರಗಲ್ಲು ಒಂದು ಮಾತನ್ನು ಮುಚ್ಚಿಡುವುದಿಲ್ಲ: ಇಲ್ಲಿ ಒಬ್ಬ ಸತ್ತ. ಪ್ಲಾಸ್ಟಿಕ್ ಟ್ಯಾಂಕ್ ಯಾರ ಪಕ್ಷವನ್ನೂ ವಹಿಸುವುದಿಲ್ಲ, ಯಾರ ಸಾವನ್ನೂ ಹೇಳುವುದಿಲ್ಲ. ಅದರ ನಿಖರತೆಯೇ ಅದರ ಮೌನ.

ಫ್ರೆಂಚ್ ವಿಮರ್ಶಕ ರೋಲಾ ಬಾರ್ತ್ 1957ರ ‘ಮಿಥಾಲಜೀಸ್’ ಸಂಕಲನದಲ್ಲಿ ಆಟಿಕೆಗಳ ಬಗ್ಗೆ ಬರೆಯುತ್ತ, ದೊಡ್ಡವರ ಜಗತ್ತಿನ ಸಿದ್ಧ ಪ್ರತಿಗಳು ಮಗುವನ್ನು ಸೃಷ್ಟಿಸುವವನಾಗಿ ಬೆಳೆಸದೆ ಬಳಸುವವನಾಗಿ ಮಾಡುತ್ತವೆ ಎಂದು ವಾದಿಸಿದ. ಯುದ್ಧದಂಥ ಸಂಗತಿಯೂ ಹೀಗೆ ಸಹಜವೆನಿಸಿಬಿಡುತ್ತದೆ ಎಂಬುದು ಅವನ ಆತಂಕ. ಪೆಟ್ಟಿಗೆಯ ಮೇಲಿನ ಚಿತ್ರ ನೋಡಿದರೆ ಅವನ ಮಾತು ನಿಜ. ತಮಿಯಾದ ಆ ಪ್ಯಾಂಥರ್ ಪೆಟ್ಟಿಗೆಗೆ ಚಿತ್ರ ಬರೆದವನು ಶಿಗೆರು ಕೊಮಾತ್ಸುಜಾಕಿ. ಅವನ ಕುಂಚದಲ್ಲಿ ಯುದ್ಧ ಒಂದು ರೋಚಕ ದೃಶ್ಯ. ಮುಚ್ಚಳ ತೆಗೆದರೆ ಸಿಗುವುದು ಒಂದೇ ಬಣ್ಣದ ಬಿಡಿಭಾಗಗಳು ಮತ್ತು ಒಂದು ಸೂಚನಾಪತ್ರ.

ಆದರೆ ಹಳೆಯ ಕಿಟ್‌ಗಳ ವಿಷಯದಲ್ಲಿ ಬಾರ್ತ್‌ನ ವಾದ ಪೂರ್ತಿ ನಿಲ್ಲುವುದಿಲ್ಲ. ಅಚ್ಚಿನ ಅಂಚಿನಲ್ಲಿ ಹೆಚ್ಚುವರಿ ಪ್ಲಾಸ್ಟಿಕ್ ಚಾಚಿರುತ್ತದೆ, ದಪ್ಪಗಿದ್ದ ಕಡೆ ತಗ್ಗು ಬಿದ್ದಿರುತ್ತದೆ. ರಬ್ಬರಿನಂಥ ಸರಪಳಿಪಟ್ಟಿ ಒಣಗಿ ತುಂಡಾಗುತ್ತದೆ, ನೀರಿನಲ್ಲಿ ನೆನೆಸಿ ಅಂಟಿಸುವ ಗುರುತುಗಳು ಹಳದಿಗಟ್ಟಿರುತ್ತವೆ. ಮೋಟಾರಿಗಾಗಿ ತಳದಲ್ಲಿ ಬಿಟ್ಟ ತೂತುಗಳನ್ನು ತುಂಬಬೇಕು. ಸೂಚನಾಪತ್ರ ಇದಾವುದಕ್ಕೂ ಉತ್ತರ ಹೇಳದು. ಕಟ್ಟುವವನು ಅರದಿಂದ ಉಜ್ಜಿ, ಹಳೆಯ ಫೋಟೋ ಹುಡುಕಿ, ಇದು ಹೀಗಿತ್ತೇ ಎಂದು ಕೇಳಿಕೊಳ್ಳಲೇಬೇಕು. ಮಾನವಶಾಸ್ತ್ರಜ್ಞ ಲೆವಿ-ಸ್ಟ್ರಾಸ್ 1962ರಲ್ಲಿ ಕಿರುಮಾದರಿಗಳ ಬಗ್ಗೆ ಹೇಳಿದ್ದು ಇಲ್ಲಿ ನೆನಪಾಗುತ್ತದೆ: ಅವು ಬಿಡಿಭಾಗಕ್ಕಿಂತ ಮೊದಲು ಇಡಿಯನ್ನು ಕೊಡುತ್ತವೆ, ಕೈಯಿಂದ ಮಾಡಿದ್ದಾದ್ದರಿಂದ ಬೇರೆ ರೀತಿಯಲ್ಲೂ ಮಾಡಬಹುದಿತ್ತು ಎಂಬ ಅರಿವನ್ನು ಉಳಿಸುತ್ತವೆ. ಎಲ್ಲವೂ ಸಲೀಸಾಗಿ ಕೂಡುವ ಹೊಸ ಕಿಟ್ ಈ ಅರಿವಿಗೆ ಅವಕಾಶ ಕೊಡುವುದು ಕಡಿಮೆ. ಹಳೆಯದರ ದೋಷ ಬಳಕೆದಾರನನ್ನು ಓದುಗನನ್ನಾಗಿಸುತ್ತದೆ.

ಹಾಗಾದರೆ ಧಾರವಾಡ ಸೀಮೆಯ ಓದುಗ ಈ ಪ್ಯಾಂಥರ್‌ನಲ್ಲಿ ಏನನ್ನು ಓದಬೇಕು? ಅದು ಯಾರದೋ ದೂರದ ಯುದ್ಧ ಎನ್ನುವ ಹಾಗಿಲ್ಲ. ಪ್ಯಾಂಥರ್‌ಗಳು 1944ರಲ್ಲಿ ಇಟಲಿಯಲ್ಲೂ ಇದ್ದವು. ಅಲ್ಲಿ ಜರ್ಮನ್ನರ ವಿರುದ್ಧ ಹೋರಾಡಿದವರಲ್ಲಿ ಮರಾಠಾ ಲೈಟ್ ಇನ್‌ಫೆಂಟ್ರಿಯ ಸೈನಿಕರೂ ಇದ್ದರು. ಆ ದಳದ ಕೇಂದ್ರ ಇರುವುದು ಪಕ್ಕದ ಬೆಳಗಾವಿಯಲ್ಲಿ. ಸೂಚನಾಪತ್ರದಲ್ಲಿ ಈ ಕಾಲಾಳುಗಳಿಲ್ಲ. ಅವರು ಇದ್ದರೆಂದು ನೆನೆಯುವುದು ಕಟ್ಟುವವನ ಪಾಲಿನ ಕೆಲಸ.

ಅಮೆರಿಕದ ಶೆಪರ್ಡ್ ಪೇನ್ 1970ರ ದಶಕದಲ್ಲಿ ಮೊನೊಗ್ರಾಮ್ ಕಂಪನಿಯ ಕಿಟ್‌ಗಳಿಗಾಗಿ ಕಟ್ಟಿದ ದೃಶ್ಯಗಳು ಈ ದಾರಿಯನ್ನು ತೋರಿಸಿದವು. ಟ್ಯಾಂಕನ್ನು ಒಂಟಿಯಾಗಿ ನಿಲ್ಲಿಸದೆ ಅದರ ಸುತ್ತ ನೆಲ ಮತ್ತು ಮನುಷ್ಯರನ್ನು ತಂದು, ಯಂತ್ರವನ್ನು ಒಂದು ಕಥೆಯ ಪಾತ್ರವಾಗಿಸಿದ. ಈ ಹವ್ಯಾಸದ ಅತ್ಯುತ್ತಮ ಕೆಲಸವನ್ನು ಅಳೆಯಬೇಕಾದ್ದು ಇಲ್ಲಿ. ಕೆಸರು, ತುಕ್ಕು, ಗೀರುಗಳನ್ನು ಬಣ್ಣದಲ್ಲಿ ತರುವ ಕೌಶಲ ಅಪಾರವಾಗಿ ಬೆಳೆದಿದೆ. ಯಂತ್ರಕ್ಕೆ ಆದ ಗಾಯಗಳೆಲ್ಲ ಅದರಲ್ಲಿ ಕಾಣುತ್ತವೆ. ನಿಜವಾದ ಪ್ಯಾಂಥರ್‌ನೊಳಗೆ ಐದು ಜನ ಕೂರುತ್ತಿದ್ದರು. 1/35ರಲ್ಲಿ ಒಬ್ಬೊಬ್ಬರ ಎತ್ತರ ಐದೈದು ಸೆಂಟಿಮೀಟರ್. ಎಷ್ಟೋ ಮಾದರಿಗಳಲ್ಲಿ ಟ್ಯಾಂಕಿನ ಬಾಗಿಲು ಮುಚ್ಚಿರುತ್ತದೆ, ಒಳಗೆ ಯಾರೂ ಇರುವುದಿಲ್ಲ.