ಮಂಡಿಪಟ್ಟಿಯ ಪೆಟ್ಟಿಗೆ ಏನನ್ನು ಹೇಳುತ್ತದೆ, ಏನನ್ನು ಬಿಡುತ್ತದೆ?

ವಿಜ್ಞಾನ ಬರಹವೆಂದರೆ ಪುಸ್ತಕ, ಪತ್ರಿಕೆ, ಪಠ್ಯಗಳಷ್ಟೇ ಅಲ್ಲ. ಔಷಧಿಯ ಜೊತೆ ಬರುವ ಚೀಟಿ, ಗೊಬ್ಬರದ ಚೀಲದ ಮೇಲಿನ ಅಕ್ಷರ, ಪಂಪ್‌ಸೆಟ್ಟಿನ ಕೈಪಿಡಿ ಇವೂ ವಿಜ್ಞಾನ ಬರಹಗಳೇ. ಜನ ಹೆಚ್ಚಾಗಿ ಓದುವುದೂ, ಓದಿ ಹಣ ಕೊಡುವುದೂ ಇವನ್ನೇ ನಂಬಿ. ಆದರೆ ಇವುಗಳನ್ನು ವಿಮರ್ಶೆ ಮಾಡುವವರಿಲ್ಲ. ಹಾಗಾಗಿ ಈ ಸಲ ಅಂಥ ಒಂದು ಬರಹವನ್ನು ಕೈಗೆತ್ತಿಕೊಳ್ಳಲಾಗಿದೆ: ಮಂಡಿಯ ಅಸ್ಥಿರಜ್ಜಿಗೆ, ಎಂದರೆ ಲಿಗಮೆಂಟಿಗೆ, ಪೆಟ್ಟಾದವರು ಕೊಳ್ಳುವ ನೀ ಬ್ರೇಸಿನ ಪೆಟ್ಟಿಗೆ ಮತ್ತು ಅದರೊಳಗಿನ ಚೀಟಿ.

ದಾವಣಗೆರೆ, ಹರಿಹರಗಳಲ್ಲಿ ಈ ಪೆಟ್ಟಿಗೆ ಅಪರೂಪದ್ದಲ್ಲ. ಕಬಡ್ಡಿ, ಕುಸ್ತಿ, ಖೋ-ಖೋ ಮೂರೂ ಇಲ್ಲಿ ಇನ್ನೂ ಆಡುವ ಆಟಗಳು. ಮೂರರಲ್ಲೂ ಪಾದ ನೆಲದಲ್ಲಿ ಊರಿರುವಾಗಲೇ ದೇಹ ತಿರುಗುತ್ತದೆ. ಬೈಕಿನಿಂದ ಬಿದ್ದವರ ಮಂಡಿಗಳನ್ನೂ ಈ ಲೆಕ್ಕಕ್ಕೆ ಸೇರಿಸಬೇಕು. ವೈದ್ಯರ ಚೀಟಿಯಲ್ಲಿ ಅನೇಕ ವೇಳೆ ‘ನೀ ಬ್ರೇಸ್’ ಎಂಬ ಎರಡೇ ಪದ. ಉಳಿದ ಆಯ್ಕೆಯೆಲ್ಲ ಔಷಧಿ ಅಂಗಡಿಯ ಮುಂದೆ ಒಂಟಿಕಾಲಲ್ಲಿ ನಿಂತು ಐದು ನಿಮಿಷದಲ್ಲಿ ಮುಗಿಯಬೇಕು. ಕಪಾಟಿನಲ್ಲಿ ಸುಮಾರು 300 ರೂಪಾಯಿಯ ಎಲಾಸ್ಟಿಕ್ ನೀ ಕ್ಯಾಪ್ ಇದೆ, ಸಾವಿರದ ಆಸುಪಾಸಿನ ಕೀಲುಳ್ಳ ಪಟ್ಟಿ ಇದೆ, ಮೂರರಿಂದ ಐದು ಸಾವಿರದ, ಡಯಲ್ ಇರುವ ಉದ್ದನೆಯ ಬ್ರೇಸ್ ಇದೆ. ತರಿಸಿ ಕೊಡುತ್ತೇವೆ ಎನ್ನುವ ವಿದೇಶಿ ಬ್ರೇಸುಗಳ ಬೆಲೆ ಇಪ್ಪತ್ತು ಸಾವಿರವನ್ನು ಸುಲಭವಾಗಿ ದಾಟುತ್ತದೆ. ಬೆಲೆ ಅರವತ್ತು ಪಟ್ಟಿಗೂ ಹೆಚ್ಚು ಬೇರೆ ಬೇರೆ. ಪೆಟ್ಟಿಗೆಯ ಮಾತು ಮಾತ್ರ ಹೆಚ್ಚುಕಡಿಮೆ ಒಂದೇ: ಲಿಗಮೆಂಟ್ ಗಾಯಕ್ಕೆ, ಸಂಧಿವಾತಕ್ಕೆ, ಆಟಗಾರರಿಗೆ, ಶಸ್ತ್ರಚಿಕಿತ್ಸೆಯ ನಂತರ. ಎಲ್ಲ ರೋಗಕ್ಕೂ ಒಂದೇ ಲೇಹ್ಯ ಮಾರುವ ಸಂತೆಯ ವೈದ್ಯನನ್ನು ನಾವು ನಗುತ್ತೇವೆ. ಇಂಗ್ಲಿಷಿನಲ್ಲಿ ಅಚ್ಚಾದಾಗ ಅದೇ ಮಾತಿಗೆ ಗೌರವ ಬಂದುಬಿಡುತ್ತದೆ.

ಪೆಟ್ಟಿಗೆ ಬಿಟ್ಟಿರುವ ಮೊದಲ ಪ್ರಶ್ನೆ, ಯಾವ ಲಿಗಮೆಂಟ್ ಎಂಬುದು. ಮಂಡಿಯಲ್ಲಿ ಮುಖ್ಯವಾದವು ನಾಲ್ಕು. ಎರಡು ಒಳ ಮತ್ತು ಹೊರ ಮಗ್ಗುಲಿನಲ್ಲಿವೆ. ಕಾಲು ಪಕ್ಕಕ್ಕೆ ಬಾಗದಂತೆ ತಡೆಯುತ್ತವೆ. ಇನ್ನೆರಡು ಕೀಲಿನ ಒಳಗೆ ಗುಣಾಕಾರ ಚಿಹ್ನೆಯಂತೆ ಒಂದನ್ನೊಂದು ದಾಟುತ್ತವೆ. ಅವುಗಳಲ್ಲಿ ಮುಂದಿನದು ಎ.ಸಿ.ಎಲ್.; ಕಣಕಾಲಿನ ಮೂಳೆ ತೊಡೆಮೂಳೆಯ ಕೆಳಗೆ ಮುಂದಕ್ಕೆ ಜಾರದಂತೆ ಹಿಡಿಯುವುದು ಅದರ ಕೆಲಸ. ಹಿಂದಿನದು ಅದೇ ಮೂಳೆ ಹಿಂದಕ್ಕೆ ಸರಿಯದಂತೆ ನೋಡಿಕೊಳ್ಳುತ್ತದೆ. ಹರಿದದ್ದು ಒಳಮಗ್ಗುಲಿನದಾದರೆ ಎರಡೂ ಬದಿ ಲೋಹದ ಕಂಬಿಯಿರುವ ಕೀಲುಪಟ್ಟಿ ನಿಜಕ್ಕೂ ಉಪಯುಕ್ತ. ಕಂಬಿ ಉದ್ದ ಸನ್ನೆಯಂತೆ ಕೆಲಸ ಮಾಡಿ ಪಕ್ಕದ ಬಾಗನ್ನು ತಡೆಯುತ್ತದೆ, ಮಂಡಿ ಮಡಚಲು ಬಿಡುತ್ತದೆ. ಈ ರಜ್ಜು ಒಂದೇ ಹರಿದಿದ್ದರೆ ಸಾಮಾನ್ಯವಾಗಿ ಶಸ್ತ್ರಚಿಕಿತ್ಸೆಯಿಲ್ಲದೆ ಕೂಡಿಕೊಳ್ಳುತ್ತದೆ. ಇಲ್ಲಿ ಸಾವಿರ ರೂಪಾಯಿಯ ಪಟ್ಟಿಗೆ ಅದರ ಬೆಲೆ ಸಲ್ಲುತ್ತದೆ.

ಎ.ಸಿ.ಎಲ್. ವಿಷಯ ಬೇರೆ. ಇಲ್ಲಿ ತಡೆಯಬೇಕಾದದ್ದು ಪಕ್ಕದ ಬಾಗನ್ನಲ್ಲ, ಒಳಗಿನ ಮೂಳೆಯ ಮುಂಜಾರನ್ನು. ಬ್ರೇಸ್ ಮೂಳೆಯನ್ನು ಮುಟ್ಟುವುದೇ ಇಲ್ಲ, ಅದು ಹಿಡಿಯುವುದು ಚರ್ಮ, ಕೊಬ್ಬು, ಮಾಂಸಖಂಡಗಳನ್ನು. ದಿಂಬಿನ ಹತ್ತಿಯ ನಡುವೆ ಒಂದು ಕೋಲಿಟ್ಟು, ದಿಂಬಿನ ಹೊರಗೆ ಹಗ್ಗ ಬಿಗಿದು, ಕೋಲನ್ನು ಅಲುಗಿಸಿ ನೋಡಿ. ಹಗ್ಗ ಎಷ್ಟೇ ಬಿಗಿಯಾಗಿದ್ದರೂ ಕೋಲು ಅಷ್ಟಿಷ್ಟು ಸರಿಯುತ್ತದೆ. ತೊಡೆಯಲ್ಲೂ ಹೀಗೆಯೇ. 1991ರಲ್ಲಿ ಪ್ರಕಟವಾದ ಅಳತೆಯ ಪ್ರಕಾರ ಯುವ ವಯಸ್ಕರ ಎ.ಸಿ.ಎಲ್. ತುಂಡಾಗಲು ಸರಾಸರಿ 2160 ನ್ಯೂಟನ್ ಬಲ ಬೇಕು, ಅಂದರೆ ಸುಮಾರು 220 ಕಿಲೋಗ್ರಾಂ ತೂಕ. ಅಂಥ ರಜ್ಜನ್ನೇ ಹರಿಯುವ ಬಲವನ್ನು ನಾಲ್ಕು ವೆಲ್ಕ್ರೋ ಪಟ್ಟಿಗಳು ತಡೆದಾವೆಂದು ನಿರೀಕ್ಷಿಸುವುದು ಕಷ್ಟ.

ಇದು ಬರೀ ಊಹೆಯಲ್ಲ. ಅಮೆರಿಕದ ವರ್ಮಾಂಟಿನ ಸಂಶೋಧಕರು 1990ರ ದಶಕದ ಆರಂಭದಲ್ಲಿ ಸ್ವಯಂಸೇವಕರ ಎ.ಸಿ.ಎಲ್. ಮೇಲೆಯೇ ಪುಟ್ಟ ಸಂವೇದಕ ಕೂರಿಸಿ, ಬ್ರೇಸ್ ತೊಟ್ಟಾಗ ಮತ್ತು ತೊಡದಾಗ ಅದರ ಎಳೆತವನ್ನು ಅಳೆದರು. ಬಲ ಕಡಿಮೆಯಿದ್ದಾಗ ಕೆಲವು ಬ್ರೇಸುಗಳು ಎಳೆತವನ್ನು ತಗ್ಗಿಸಿದವು. ಬಲ ಹೆಚ್ಚಿದಂತೆ ಆ ರಕ್ಷಣೆ ಕರಗಿತು. ಮನೆಯಿಂದ ಅಂಗಡಿಗೆ ನಡೆಯುವಾಗ ಬ್ರೇಸ್ ನೆರವಾಗಬಹುದು, ಅಂಕಣದಲ್ಲಿ ಎದುರಾಳಿ ಕಾಲು ಹಿಡಿದೆಳೆದಾಗ ಅದನ್ನು ನೆಚ್ಚುವಂತಿಲ್ಲ. ಆಟಗಾರನ ಚಿತ್ರವನ್ನು ಪೆಟ್ಟಿಗೆಯ ಮುಖದ ಮೇಲೆ ಅಚ್ಚು ಹಾಕುವವರು ಈ ವ್ಯತ್ಯಾಸವನ್ನು ಎಲ್ಲಿಯೂ ಬರೆಯುವುದಿಲ್ಲ.

ಶಸ್ತ್ರಚಿಕಿತ್ಸೆಯಲ್ಲಿ ಹೊಸ ರಜ್ಜು ಕೂರಿಸಿದ ನಂತರ ಬ್ರೇಸ್ ಬೇಕೇ? 2007ರಲ್ಲಿ ರೈಟ್ ಮತ್ತು ಫೆಟ್ಜರ್ ಎಂಬುವರು ಈ ಕುರಿತ ಯಾದೃಚ್ಛಿಕ ಪ್ರಯೋಗಗಳನ್ನೆಲ್ಲ ಒಟ್ಟಿಗೆ ಪರಿಶೀಲಿಸಿದರು. ನೋವು, ಚಲನೆ, ಮಂಡಿಯ ಸ್ಥಿರತೆ ಯಾವುದರಲ್ಲೂ ಬ್ರೇಸಿನಿಂದ ಲಾಭವಾದದ್ದಕ್ಕೆ ಅವರಿಗೆ ಪುರಾವೆ ಸಿಗಲಿಲ್ಲ. ಜೊತೆಗೆ ಮೆನಿಸ್ಕಸ್ ಹೊಲಿದಿದ್ದರೆ ಮಂಡಿ ಇಂತಿಷ್ಟೇ ಡಿಗ್ರಿ ಬಾಗಬೇಕೆಂದು ವೈದ್ಯರು ಡಯಲ್ ಬ್ರೇಸ್ ಹಾಕಿಸುತ್ತಾರೆ. ಅದಕ್ಕೆ ಬೇರೆಯೇ ಕಾರಣವಿದೆ, ಅದನ್ನು ಇಲ್ಲಿ ಪ್ರಶ್ನಿಸುತ್ತಿಲ್ಲ.

‘ಬ್ರೇಸ್ ಹಾಕಿಕೊಂಡರೆ ಆಪರೇಷನ್ ತಪ್ಪುತ್ತದೆ’ ಎಂಬ ಮಾತು ಅಂಗಡಿಗಳಲ್ಲಿ ಕೇಳಿಬರುತ್ತದೆ. ಇದರಲ್ಲಿ ಎರಡು ನಿಜಗಳು ಕಲಸಿಹೋಗಿವೆ. ಸ್ವೀಡನ್ನಿನಲ್ಲಿ 121 ಯುವಜನರ ಮೇಲೆ ನಡೆದು 2010ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಮೊದಲು ವ್ಯಾಯಾಮ ಚಿಕಿತ್ಸೆ ಪಡೆದ 59 ಮಂದಿಯಲ್ಲಿ ಎರಡು ವರ್ಷದೊಳಗೆ ಶಸ್ತ್ರಚಿಕಿತ್ಸೆ ಬೇಕಾದದ್ದು 23 ಮಂದಿಗೆ ಮಾತ್ರ. ಉಳಿದವರ ಆಪರೇಷನ್ ತಪ್ಪಿಸಿದ್ದು ಪಟ್ಟಿಯಲ್ಲ, ಕ್ರಮಬದ್ಧ ವ್ಯಾಯಾಮ. ಎರಡನೆಯದು 2023ರಲ್ಲಿ ಆಸ್ಟ್ರೇಲಿಯಾದಿಂದ ಬಂದ ವರದಿ: ಮಂಡಿಯನ್ನು 90 ಡಿಗ್ರಿಯಲ್ಲಿ ನಾಲ್ಕು ವಾರ ಬಿಗಿದು, ನಂತರ ಹಂತಹಂತವಾಗಿ ಸಡಿಲಿಸಿದ 80 ಮಂದಿಯಲ್ಲಿ ಶೇ. 90ರಷ್ಟು ಜನರಿಗೆ ಮೂರು ತಿಂಗಳ ಎಂ.ಆರ್.ಐ.ನಲ್ಲಿ ರಜ್ಜು ಕೂಡುತ್ತಿರುವ ಕುರುಹು ಕಂಡಿತು. ಕುತೂಹಲಕಾರಿ ಫಲಿತಾಂಶ, ನಿಜ. ಆದರೆ ಹೋಲಿಸಿ ನೋಡಲು ಇನ್ನೊಂದು ಗುಂಪಿರಲಿಲ್ಲ. ಚಿತ್ರದಲ್ಲಿ ಕೂಡಿದ ರಜ್ಜೆಲ್ಲ ಗಟ್ಟಿಯೇ ಎಂಬ ಖಾತರಿಯೂ ಇಲ್ಲ. ಕಾಲನ್ನು ಅಷ್ಟು ದಿನ ಮಡಚಿಟ್ಟರೆ ರಕ್ತ ಹೆಪ್ಪುಗಟ್ಟುವ ಅಪಾಯವಿರುವುದರಿಂದ ವೈದ್ಯರ ನಿಗಾ ಅನಿವಾರ್ಯ. ಕಪಾಟಿನಿಂದ ತೆಗೆದು ತಾವೇ ಕಟ್ಟಿಕೊಳ್ಳುವ ಪಟ್ಟಿಗೂ ಈ ಫಲಿತಾಂಶಕ್ಕೂ ಸಂಬಂಧವಿಲ್ಲ. ನಿಯಂತ್ರಣ ಗುಂಪು ಎಂದರೇನೆಂದು ತರಗತಿಯಲ್ಲಿ ವಿವರಿಸುವ ಅಧ್ಯಾಪಕರಿಗೆ ಇದಕ್ಕಿಂತ ಹತ್ತಿರದ ಉದಾಹರಣೆ ಸಿಗಲಾರದು.

ಬೆಲೆ ಏರಿಸುವ ಇನ್ನೊಂದು ಪದ ‘ಪಾಲಿಸೆಂಟ್ರಿಕ್’, ಅಂದರೆ ಬಹುಕೇಂದ್ರ ಕೀಲು. ಲೇತ್‌ಗಳಿಗೆ ಹೆಸರಾಗಿದ್ದ ಮೈಸೂರು ಕಿರ್ಲೋಸ್ಕರ್ 1941ರಲ್ಲಿ ಶುರುವಾದದ್ದು ಹರಿಹರದಲ್ಲಿ. ಕಾರ್ಖಾನೆ ಈಗಿಲ್ಲ, ಆದರೆ ಎರಡು ಅಕ್ಷಗಳು ಕೂದಲೆಳೆಯಷ್ಟು ತಪ್ಪಿದರೆ ಏನಾಗುತ್ತದೆಂದು ಆ ಊರಿಗೆ ಹೇಳಿಕೊಡಬೇಕಾಗಿಲ್ಲ. ಮಂಡಿ ಬಾಗಿಲಿನ ಕೀಲಲ್ಲ. ಮಡಚುವಾಗ ಮೂಳೆ ಉರುಳುತ್ತದೆ, ಜೊತೆಗೆ ಜಾರುತ್ತದೆ. ಹಾಗಾಗಿ ತಿರುಗುವ ಕೇಂದ್ರ ಒಂದೆಡೆ ನಿಲ್ಲುವುದಿಲ್ಲ. ಎರಡು ರಟ್ಟಿನ ಪಟ್ಟಿಗಳನ್ನು ಒಂದು ಗುಂಡುಪಿನ್ನಿನಿಂದ ಸೇರಿಸಿ, ಸಹಪಾಠಿಯ ತೊಡೆಗೂ ಕಣಕಾಲಿಗೂ ಪಕ್ಕದಿಂದ ಕಟ್ಟಿ, ನಿಧಾನವಾಗಿ ಮಂಡಿ ಮಡಚಿಸಿ. ರಟ್ಟು ಚರ್ಮದ ಮೇಲೆ ಸರಿಯುವುದು ಕಾಣುತ್ತದೆ. ಪಿನ್ನನ್ನು ಎರಡು ಬೆರಳು ಕೆಳಗಿಟ್ಟು ಮತ್ತೆ ಮಾಡಿದರೆ ಇನ್ನೂ ಹೆಚ್ಚು ಸರಿಯುತ್ತದೆ. ಬಹುಕೇಂದ್ರ ಕೀಲು ಮೊದಲಿನ ದೋಷವನ್ನು ಸ್ವಲ್ಪ ಕಡಿಮೆ ಮಾಡುತ್ತದೆ. ಎರಡನೆಯದನ್ನು, ಎಂದರೆ ತಪ್ಪು ಜಾಗದಲ್ಲಿ ಕಟ್ಟಿದ ದೋಷವನ್ನು, ಯಾವ ಕೀಲೂ ಸರಿಪಡಿಸಲಾರದು. ನಡೆದಾಡಿದಾಗ ಬ್ರೇಸ್ ಕೆಳಕ್ಕೆ ಇಳಿಯುವುದು ಬಹುತೇಕ ಎಲ್ಲರ ದೂರು. ದುಬಾರಿ ಕೀಲಿನ ಲಾಭ ಆ ಎರಡು ಬೆರಳಿನ ಜಾರಿನಲ್ಲೇ ಮುಗಿದುಹೋಗುತ್ತದೆ.

ಅಳತೆಯ ಕೋಷ್ಟಕವೇ ಪೆಟ್ಟಿಗೆಯಲ್ಲಿರುವ ಅತ್ಯಂತ ಪ್ರಾಮಾಣಿಕ ಭಾಗ, ಅದೂ ಅರ್ಧ ಮಾತ್ರ. ತೊಡೆಯ ಸುತ್ತಳತೆಯನ್ನು ಮಂಡಿಚಿಪ್ಪಿನ ಮೇಲೆ ಎಷ್ಟು ಸೆಂಟಿಮೀಟರ್ ದೂರದಲ್ಲಿ ತೆಗೆಯಬೇಕೆಂದು ಕೆಲವರು ಹೇಳುತ್ತಾರೆ, ಕೆಲವರು ಮಂಡಿಯ ಮೇಲೆಯೇ ಅಳೆಯಿರಿ ಎನ್ನುತ್ತಾರೆ. ಒಂದು ಕಂಪನಿಯ ‘ಎಲ್’ ಇನ್ನೊಂದರ ‘ಎಲ್’ ಅಲ್ಲ. ಯಾರೂ ಹೇಳದ ಸಂಗತಿ ಮತ್ತೊಂದಿದೆ. ಪೆಟ್ಟಾದ ವಾರ ಮಂಡಿ ಊದಿರುತ್ತದೆ. ಆಮೇಲೆ ಊತ ಇಳಿಯುತ್ತದೆ, ಜೊತೆಗೆ ತೊಡೆಯ ಮುಂಭಾಗದ ಸ್ನಾಯು ಕೆಲಸವಿಲ್ಲದೆ ಸೊರಗುತ್ತದೆ. ಮೊದಲ ದಿನ ಸರಿಹೋದ ಪಟ್ಟಿ ಆರನೇ ವಾರದಲ್ಲಿ ಸಡಿಲ. ತುರ್ತಿಲ್ಲದಿದ್ದರೆ ಊತ ತಗ್ಗುವವರೆಗೆ ಊರುಗೋಲಿನಲ್ಲಿ ನಡೆದು, ನಂತರ ಅಳೆಸಿ ಕೊಳ್ಳುವುದು ಲೇಸು. ಎಲಾಸ್ಟಿಕ್ ನೀ ಕ್ಯಾಪಿನ ಬಗ್ಗೆ ಹೆಚ್ಚು ಹೇಳುವುದಿಲ್ಲ: ಬೆಚ್ಚಗಿಡುತ್ತದೆ, ಕಾಲಿನ ಸ್ಥಿತಿಯ ಅರಿವನ್ನು ಕೊಂಚ ಹೆಚ್ಚಿಸುತ್ತದೆ, ಧೈರ್ಯ ಕೊಡುತ್ತದೆ. ಏಪ್ರಿಲ್, ಮೇ ತಿಂಗಳ ದಾವಣಗೆರೆಯ ಸೆಕೆಯಲ್ಲಿ ಬೆವರುಗುಳ್ಳೆಯನ್ನೂ ಕೊಡುತ್ತದೆ.

ಇನ್ನು ಬೆಲೆ. ಮಂಡಿ ಬದಲಾವಣೆಯ ಕೃತಕ ಕೀಲಿಗೆ ಕೇಂದ್ರದ ಔಷಧ ಬೆಲೆ ಪ್ರಾಧಿಕಾರ 2017ರ ಆಗಸ್ಟ್‌ನಲ್ಲಿ ಗರಿಷ್ಠ ಬೆಲೆ ಗೊತ್ತುಮಾಡಿತು. ಸಾಮಾನ್ಯ ಕೋಬಾಲ್ಟ್-ಕ್ರೋಮಿಯಂ ಕೀಲಿಗೆ ತೆರಿಗೆ ಬಿಟ್ಟು 54,720 ರೂಪಾಯಿ ಎಂದು. ಹೊರಗೆ ಕಟ್ಟುವ ಬ್ರೇಸಿಗೆ ಅಂಥ ಮಿತಿ ಬರಲಿಲ್ಲ. 2020ರ ಏಪ್ರಿಲ್ 1ರಿಂದ ವೈದ್ಯಕೀಯ ಸಾಧನಗಳೆಲ್ಲ ಔಷಧ ಕಾನೂನಿನ ವ್ಯಾಪ್ತಿಗೆ ಬಂದವು, ತಯಾರಕರು 12 ತಿಂಗಳಲ್ಲಿ ಎಂ.ಆರ್.ಪಿ.ಯನ್ನು ಶೇ. 10ಕ್ಕಿಂತ ಹೆಚ್ಚು ಏರಿಸಬಾರದೆಂಬ ನಿಯಮವೂ ಬಂತು. ಆದರೆ ಮೊದಲ ದಿನ ಎಷ್ಟು ಅಚ್ಚು ಹಾಕಬೇಕೆಂಬುದು ಅವರಿಗೇ ಬಿಟ್ಟದ್ದು. ಹಾಗಾಗಿ ಒಂದೇ ಪೆಟ್ಟಿಗೆ ಒಂದು ಕಡೆ ಪೂರ್ಣ ಎಂ.ಆರ್.ಪಿ.ಗೆ, ನಾಲ್ಕು ಹೆಜ್ಜೆ ಆಚೆ ಗಣನೀಯ ರಿಯಾಯಿತಿಗೆ ಸಿಗುವುದುಂಟು. 2022ರ ಜುಲೈ 18ರಿಂದ ಇಂಥ ಸಾಧನಗಳ ಜಿ.ಎಸ್.ಟಿ. ಶೇ. 12ರಿಂದ 5ಕ್ಕೆ ಇಳಿಯಿತು. ಎಂ.ಆರ್.ಪಿ.ಯಲ್ಲಿ ತೆರಿಗೆ ಸೇರಿಯೇ ಇರುತ್ತದೆ. ಅದರ ಮೇಲೆ ಮತ್ತೆ ತೆರಿಗೆ ಕೇಳುವಂತಿಲ್ಲ.

ಹಣ ಯಾರು ಕೊಡುತ್ತಾರೆ? 2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಒಳರೋಗಿ ಚಿಕಿತ್ಸೆಯ ಯೋಜನೆ. ಅಂಗಡಿಯಲ್ಲಿ ಕೊಂಡ ಪಟ್ಟಿಯ ರಸೀದಿಗೆ ಅಲ್ಲಿ ಜಾಗವಿಲ್ಲ. ಅಂಗವಿಕಲರಿಗೆ ಸಾಧನ ಕೊಡುವ ಕೇಂದ್ರದ ಯೋಜನೆಗೆ ಶೇ. 40ರಷ್ಟಾದರೂ ವೈಕಲ್ಯದ ಪ್ರಮಾಣಪತ್ರ ಬೇಕು, ಹರಿದ ಲಿಗಮೆಂಟಿಗೆ ಅದು ಸಿಗುವುದು ಅಪರೂಪ. ಹರಿಹರದ ಕಾರ್ಖಾನೆಗಳಲ್ಲಿ ಇ.ಎಸ್.ಐ. ಸೌಲಭ್ಯವಿರುವ ಕಾರ್ಮಿಕರು ಮಾತ್ರ ಸ್ವಂತ ಹಣ ಕೊಡುವ ಮುಂಚೆ ತಮ್ಮ ಇ.ಎಸ್.ಐ. ವೈದ್ಯರನ್ನು ಕೇಳಬೇಕು, ಕ್ಯಾಲಿಪರ್, ಊರುಗೋಲು, ಬೆನ್ನುಪಟ್ಟಿಗಳಂಥ ಸಾಧನಗಳು ಆ ಯೋಜನೆಯ ವೈದ್ಯಕೀಯ ಸೌಲಭ್ಯದೊಳಗೇ ಬರುತ್ತವೆ. ಕಾಲೇಜು ಹುಡುಗನಿಗೆ, ಹಮಾಲನ ಮಗಳಿಗೆ ಇದ್ಯಾವುದೂ ಇಲ್ಲ. ಅವರ ಮನೆಯವರು ಐದು ಸಾವಿರವನ್ನು ಬ್ರೇಸಿಗೆ ಸುರಿದ ಮೇಲೆ ವ್ಯಾಯಾಮ ಚಿಕಿತ್ಸೆಗೆ ನಾಲ್ಕು ಸಲ ಹೋಗಿ ನಿಲ್ಲಿಸುತ್ತಾರೆ. ಈ ಲೇಖಕನ ದೃಷ್ಟಿಯಲ್ಲಿ ಪೆಟ್ಟಿಗೆಯ ಬರಹ ಮಾಡುವ ದೊಡ್ಡ ಹಾನಿ ಇದೇ: ಪುರಾವೆ ಬಲವಾಗಿರುವ ಕಡೆಯಿಂದ ದುರ್ಬಲವಾಗಿರುವ ಕಡೆಗೆ ಹಣವನ್ನು ಹರಿಸುತ್ತದೆ.

ಚೀಟಿ ಬರೆಯುವ ವೈದ್ಯರು ಎರಡು ಪದದ ಬದಲು ನಾಲ್ಕು ಸಂಗತಿ ಬರೆಯಬಹುದು: ಯಾವ ರಜ್ಜು, ಯಾವ ಬಗೆಯ ಪಟ್ಟಿ, ಎಷ್ಟರಿಂದ ಎಷ್ಟು ಡಿಗ್ರಿ, ಎಷ್ಟು ವಾರ. ಬರೆಯದಿದ್ದರೆ ಕೇಳಿ ಬರೆಸಿಕೊಳ್ಳಬೇಕು. ಡಯಲ್ ಬ್ರೇಸಿನ ಕೆಲಸ ಹೆಚ್ಚಾಗಿ ಆರರಿಂದ ಹನ್ನೆರಡು ವಾರ. ನಂತರ ಅದು ಅಟ್ಟ ಸೇರುತ್ತದೆ. ಪ್ರೌಢಶಾಲೆ, ಕಾಲೇಜುಗಳ ದೈಹಿಕ ಶಿಕ್ಷಣ ವಿಭಾಗದಲ್ಲಿ ಒಂದು ಜೊತೆ ಊರುಗೋಲಿನೊಂದಿಗೆ ಇಂಥ ಎರಡು ಬ್ರೇಸ್ ಇಟ್ಟುಕೊಂಡರೆ ವರ್ಷಕ್ಕೆ ನಾಲ್ಕೈದು ಮನೆಗಳ ಖರ್ಚು ಉಳಿಯುತ್ತದೆ. ಒಳಪದರವನ್ನು ಬಿಚ್ಚಿ ಸಾಬೂನು ನೀರಿನಲ್ಲಿ ತೊಳೆದು ನೆರಳಿನಲ್ಲಿ ಒಣಗಿಸಬೇಕು. ಮೊದಲು ಸವೆಯುವುದು ವೆಲ್ಕ್ರೋ. ಅದನ್ನು ಬೀದಿಯ ಟೈಲರ್ ಬದಲಿಸಿ ಹೊಲಿದುಕೊಡುತ್ತಾರೆ.